ಬಿಸಿ ಗೊತ್ತಾಗದ ಬಲಗೈ

ನಮ್ಮ ಶಿರ್ತಾಡಿಯ ಶಾಲೆಯಲ್ಲಿ ನಾನು ಪಾಠ ಮಾಡಿದ ಮಕ್ಕಳಲ್ಲಿ ಹೆಚ್ಚಿನವರು ನನ್ನ ಕೈಗೆ ಬರುವ ಮೊದಲು ಅಮ್ಮಣ್ಣಿಯಕ್ಕನ ಕಾಲ ಮೇಲೆ ಮಲಗಿ ಎದ್ದವರು. ಹೆರಿಗೆಯಾದ ಮನೆಗೆ ಬೆಳಗಾಗುತ್ತಲೇ ಹೋಗಿ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಮೀಯಿಸುವುದು ಅವರ ಕೆಲಸ. ಬಚ್ಚಲಲ್ಲಿ ತಗ್ಗಿನ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡರೆ ಮುಗಿಯಿತು, ಎಂಥಾ ರಚ್ಚೆಯ ಕೂಸೂ ಅವರ ಮಾತು ಕೇಳಬೇಕು. ನನ್ನ ಇಬ್ಬರು ಮಕ್ಕಳನ್ನೂ ಅವರೇ ಮೀಯಿಸಿದ್ದು.

ನೀರಿನ ಹದದ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ನಾವು ಎಷ್ಟು ಬೆರೆಸಿಟ್ಟರೂ ಬಂದವರೇ ಬಲಗೈಯನ್ನು ಮಣಿಕಟ್ಟಿನವರೆಗೆ ಅದ್ದಿ, ಒಂದು ಗಳಿಗೆ ಸುಮ್ಮನಿದ್ದು, "ಇದು ಕೂಸಿಗಾ, ಕೋಳಿ ಪುಕ್ಕ ಕೀಳ್ಳಿಕ್ಕಾ?" ಎಂದು ಗದರುವರು. ತಣ್ಣೀರು ಬಿಡಿಸಿ, ಪುನಃ ಅದ್ದಿ, "ಹಾಂ, ಈಗ ಹದ" ಎಂದ ಮೇಲೆಯೇ ಚೆಂಬು ಮುಟ್ಟುವುದು. ಎಡಗೈ ಎಂದರೆ ಅವರಿಗೆ ಆಗದು. ಒಮ್ಮೆ ನಾನು ಅವಸರದಲ್ಲಿ ಮಗುವಿನ ಬಟ್ಟೆಯನ್ನು ಎಡಗೈಯಲ್ಲಿ ಚಾಚಿದ್ದೆ. "ಟೀಚರ್, ಶಾಲೆಯಲ್ಲಿ ಇದನ್ನೇ ಕಲಿಸುವುದಾ ನೀವು?" ಎಂದು ಅತ್ತೆಯ ಎದುರಿಗೇ ನನ್ನ ಮಾನ ಕಳೆದರು. ನನಗೂ ಕೋಪ ಮೂಗಿನ ತುದಿಯಲ್ಲೇ ಇರುವುದು, ಆದರೂ ಬಾಣಂತಿ ಎಂದು ಬಾಯಿ ಮುಚ್ಚಿಕೊಂಡೆ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಮ್ಮಣ್ಣಿಯಕ್ಕ, ಜೀಪು ಓಡಿಸುವ ಹನೀಫಾಕನ ಮನೆಯಲ್ಲಿ ಅವರ ಮಗಳ ಕೂಸನ್ನು ಮೀಯಿಸಿ, ಅಜ್ಜಿಯ ಕೈಗೆ ಕೊಟ್ಟು ಏಳಲು ಹೋದರಂತೆ. ಹಂಡೆ, ಒಲೆ, ಗೋಡೆ ಎಲ್ಲ ಗಿರಗಿರನೆ ತಿರುಗಿ, ಎಡಗಡೆಗೆ ದಬಾರನೆ ಬಿದ್ದರು. ಕೂಸು ಕೈಯಲ್ಲಿರಲಿಲ್ಲ, ದೇವರು ದೊಡ್ಡವನು. ಹನೀಫಾಕ ಅವರನ್ನು ಎತ್ತಿ ಜೀಪಿನಲ್ಲಿ ಮನೆಗೆ ತಂದು ಬಿಟ್ಟರು.

ಅಮ್ಮಣ್ಣಿಯಕ್ಕನ ಗಂಡ ಮುಂಡಪ್ಪಣ್ಣ ಬಲು ಸಾಧು ಮನುಷ್ಯ, ಗದ್ದೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಗದ್ದೆ. ಅವರು ಅದು ಪಿತ್ತ ಎಂದು ತೀರ್ಮಾನಿಸಿ ಜೀರಿಗೆ ಕಷಾಯ ಮಾಡಿ ಕುಡಿಸುತ್ತಿದ್ದರು. ನಾನು ಸುದ್ದಿ ಕೇಳಿ ಓಡಿಹೋದಾಗ ಆ ಕಷಾಯ ಬಾಯಿಯಿಂದ ಒಳಗೆ ಹೋಗಿ ಮೂಗಿನಿಂದ ಹೊರಗೆ ಬರುತ್ತಿತ್ತು. ಬಿಟ್ಟೂ ಬಿಡದ ಬಿಕ್ಕಳಿಕೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಬಚ್ಚಲಿನಿಂದ ಕರೆದರೆ ರಸ್ತೆಗೆ ಕೇಳುವ ಅವರ ಸ್ವರ ಒಡೆದು ಗೊಗ್ಗರಾಗಿತ್ತು.

"ಮೂಗಿನಲ್ಲಿ ಕಷಾಯ ಬರುವಾಗಲೂ ಪಿತ್ತ ಅಂತೀರಲ್ಲ ಮುಂಡಪ್ಪಣ್ಣ! ನಿಮ್ಮ ತಲೆಯಲ್ಲಿ ಎಂತ ಉಂಟು?" ಎಂದು ನಾನು ಕೂಗಾಡಿದೆ. ಹನೀಫಾಕ ಜೀಪು ತಿರುಗಿಸಿಯೇ ನಿಲ್ಲಿಸಿದ್ದರು. ಮೂಡಬಿದ್ರಿಯ ಡಾಕ್ಟರು ನೋಡಿದ ಕೂಡಲೇ "ಇಲ್ಲಿ ಇಳಿಸಬೇಡಿ, ಮಂಗಳೂರಿಗೆ ಹೋಗಿ" ಎಂದರಂತೆ. ಮುಂಡಪ್ಪಣ್ಣ ಉಟ್ಟ ಬಟ್ಟೆಯಲ್ಲೇ ಹೋದರು.

ಒಂದು ಆದಿತ್ಯವಾರ ನಾನು ಮಂಗಳೂರಿನ ಆಸ್ಪತ್ರೆಗೆ ಹೋಗಿ ನೋಡಿದೆ. ಮೂಗಿನಲ್ಲಿ ಸಪೂರದ ಕೊಳವೆ, ಅದರಲ್ಲೇ ಗಂಜಿತಿಳಿ, ಅದರಲ್ಲೇ ಹಾಲು. ನುಂಗುವುದನ್ನೇ ಗಂಟಲು ಮರೆತುಬಿಟ್ಟಿತ್ತು. ನನ್ನನ್ನು ಕಂಡು ಅವರ ಬಲಗಣ್ಣು ನೀರಾಡಿತು, ಎಡಗಣ್ಣೂ ನೀರಾಡಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಚೆನ್ನಾಗಿ ಅತ್ತೆ. ಆದರೆ ಆ ಹೆಂಗಸು ಗಟ್ಟಿ. ದಿನ ಕಳೆದ ಹಾಗೆ ಬಿಕ್ಕಳಿಕೆ ನಿಂತಿತು. ಒಂದು ದಿನ ಒಂದು ಚಮಚ ಗಂಜಿ ಒಳಗೆ ಇಳಿಯಿತು, ಮರುದಿನ ಇನ್ನೊಂದು. ಮಳೆ ಹಿಡಿಯುವ ಹೊತ್ತಿಗೆ ಮುಂಡಪ್ಪಣ್ಣನ ಹೆಗಲು ಹಿಡಿದು, ಎಡಕ್ಕೆ ವಾಲುತ್ತ ವಾಲುತ್ತ, ಮನೆಯ ಹೊಸ್ತಿಲು ದಾಟಿದರು. ಊರಿಗೆ ಊರೇ ನೋಡಲು ಬಂತು.

ಬಂದವರಿಗೆಲ್ಲ ಮುಂಡಪ್ಪಣ್ಣ ಹೇಳುತ್ತಿದ್ದದ್ದು ಒಂದೇ ಮಾತು. "ಎಡಕ್ಕೆ ಸ್ವಲ್ಪ ಉಂಟು. ಬಲಕ್ಕೆ ಎಂತದೂ ಇಲ್ಲ. ಬಲಕ್ಕೆ ಬಿಸಿ ಸಹಾ ಇಲ್ಲ ಅಂತ ದೊಡ್ಡ ಡಾಕ್ಟ್ರೇ ಹೇಳಿದ್ದಾರೆ."

ಬಿಸಿ ಇಲ್ಲ ಎಂದರೆ ನಮ್ಮಲ್ಲಿ ಜ್ವರ ಇಲ್ಲ ಎಂದೇ ಅರ್ಥ. ಹಣೆ ಮುಟ್ಟಿ "ಬಿಸಿ ಉಂಟಾ?" ಎಂದು ಕೇಳುವುದು ಮನೆ ಮನೆಯ ಮಾತು. ಮುಂಡಪ್ಪಣ್ಣ ತುಳುವಿನಲ್ಲಿ ಹುಟ್ಟಿ ತುಳುವಿನಲ್ಲೇ ಬೆಳೆದವರು. ಡಾಕ್ಟರು ಕನ್ನಡದಲ್ಲಿ ಹೇಳಿದ್ದನ್ನು ಅವರು ಹಾಗೆಯೇ ತಿಳಿದುಕೊಂಡರು, ನಾವೂ ಹಾಗೆಯೇ ತಿಳಿದುಕೊಂಡೆವು. ಪಾಪ, ದಿನಾ ಬೆಳಿಗ್ಗೆ ಹೆಂಡತಿಯ ಎಡಗೈಯನ್ನು ಮುಟ್ಟಿ ಮುಟ್ಟಿ ಅಲ್ಲಿಯಾದರೂ ಜ್ವರ ಬಂದಿದೆಯೋ ಎಂದು ನೋಡುತ್ತಿದ್ದರು. ಕಣ್ಣಿಗೆ ಕಾಣುವುದೂ ಹಾಗೆಯೇ ಇತ್ತು. ಎಡಗಣ್ಣು ಇಳಿದಿತ್ತು, ಎಡಗೈ ಲೋಟ ಹಿಡಿಯಲು ಹೋದರೆ ಲೋಟದ ಆಚೆಗೆ ಹೋಗುತ್ತಿತ್ತು. ಬಲಗೈ ಮಾತ್ರ ಮೊದಲಿನ ಹಾಗೆ ಅಕ್ಕಿ ಆರಿಸುತ್ತಿತ್ತು, ಹೂವು ಕಟ್ಟುತ್ತಿತ್ತು. ಅದರ ಮೇಲೆ ಯಾರಿಗೆ ಸಂಶಯ ಬರಬೇಕು?

ಅದೇ ವರ್ಷ ಅವರ ಒಬ್ಬಳೇ ಮಗಳು ಕಾಂತಿ ಬಸುರಿಯಾದಳು. ಅವಳನ್ನು ಬಂಟ್ವಾಳಕ್ಕೆ ಮದುವೆ ಮಾಡಿ ಕೊಟ್ಟು ವರ್ಷಗಳೇ ಆಗಿದ್ದವು. ಗಂಡ ಲೋಕನಾಥ ಒಳ್ಳೆಯವನು, ಆದರೆ ಮಕ್ಕಳಾಗಲಿಲ್ಲವೆಂದು ನೆಂಟರ ಚುಚ್ಚುಮಾತು ಕೇಳಿ ಕೇಳಿ ಹುಡುಗಿ ಸೊರಗಿಹೋಗಿದ್ದಳು. ಸುದ್ದಿ ತಿಳಿದ ದಿನ ಅಮ್ಮಣ್ಣಿಯಕ್ಕ ಆ ಒಡೆದ ಸ್ವರದಲ್ಲೇ ನನ್ನನ್ನು ಬೇಲಿಯ ಹತ್ತಿರ ಕರೆದರು. "ಟೀಚರ್, ಊರಿನ ಕೂಸುಗಳನ್ನೆಲ್ಲ ಮೀಯಿಸಿಯಾಯ್ತು. ಇನ್ನು ನನ್ನದೇ ಮನೆಯದ್ದು. ಅಷ್ಟರೊಳಗೆ ಈ ಕಾಲು ಸರಿಯಾದ್ರೆ ಸಾಕು ನನಗೆ."

ಕಾಂತಿ ತಾಯಿಯನ್ನು ನೋಡಿ ಹೋಗಲು ಬಂದಿದ್ದಾಗ ಆ ಅನಾಹುತ ಆಯಿತು. ಅಮ್ಮಣ್ಣಿಯಕ್ಕ ತಾವೇ ಮೀಯುತ್ತೇನೆಂದು ಬಚ್ಚಲಿಗೆ ಹೋಗಿದ್ದರು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ, "ಕಾಂತೀ, ನೀರು ಉಗುರು ಬಿಸಿಯೂ ಇಲ್ಲ, ಒಲೆಗೆ ನಾಲ್ಕು ತೆಂಗಿನ ಮಡಲು ತುರುಕು ಮಗಾ" ಎಂದರು. ಕಾಂತಿ ಹೋಗಿ ನೋಡಿದರೆ ಬಚ್ಚಲು ತುಂಬ ಹಬೆ. ತಾಯಿ ಬಲಗೈಯಲ್ಲಿ ಚೆಂಬು ಅದ್ದಿ ಅದ್ದಿ ಬಲಗಾಲಿಗೆ ಹೊಯ್ದುಕೊಳ್ಳುತ್ತಿದ್ದಾರೆ, ಕಾಲಿನ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿದೆ. ಅವಳು ಕಿಟಾರನೆ ಕಿರುಚಿದ್ದು ನನ್ನ ಮನೆಗೆ ಕೇಳಿತು. ನಾನು ಹೋದಾಗ ಅಮ್ಮಣ್ಣಿಯಕ್ಕ ತನ್ನ ಕಾಲನ್ನು ಬೇರೆ ಯಾರದೋ ಕಾಲಿನ ಹಾಗೆ ನೋಡುತ್ತ ಕುಳಿತಿದ್ದರು.

"ಕೈ ಅದ್ದಿ ನೋಡಿದ್ದೇನೆ ಟೀಚರ್. ತಣ್ಣಗುಂಟು ಅಂತಲೇ ಹೇಳಿತು ಕೈ" ಎಂದರು. ಕೈಯೂ ಕೆಂಪಾಗಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ನಾನೇ ಜೊತೆಗೆ ಮಂಗಳೂರಿಗೆ ಹೋದೆ. ಅಮ್ಮಣ್ಣಿಯಕ್ಕನನ್ನು ನೋಡಿದ ಡಾಕ್ಟರು ಗಜಾನನ ಎಂದು, ವಯಸ್ಸು ಚಿಕ್ಕದು, ಮಾತು ನಿಧಾನ. ಗಾಯಕ್ಕೆ ಔಷಧಿ ಹಚ್ಚಿಸಿ, ಮುಂಡಪ್ಪಣ್ಣನ ಕಡೆ ತಿರುಗಿ, "ಬಲಕ್ಕೆ ಬಿಸಿ ಇಲ್ಲ, ಜಾಗ್ರತೆ ಅಂತ ನಾನು ಹೇಳಿದ್ದೆನಲ್ಲ?" ಎಂದರು.

"ಹೌದು ಸ್ವಾಮಿ, ನಾನು ದಿನಾ ಮುಟ್ಟಿ ನೋಡ್ತೇನೆ. ಒಂದು ದಿನ ಸಹಾ ಜ್ವರ ಬರ್ಲಿಲ್ಲ" ಎಂದರು ಮುಂಡಪ್ಪಣ್ಣ.

ಡಾಕ್ಟರು ಹಣೆ ಒತ್ತಿಕೊಂಡು, "ಛೆ! ನಾನು 'ಬಿಸಿ ಗೊತ್ತಾಗುವುದಿಲ್ಲ' ಅಂತ ಹೇಳಬೇಕಿತ್ತು. ತಪ್ಪು ನನ್ನದು ಮುಂಡಪ್ಪಣ್ಣ" ಎಂದರು. ನಾನು ಜಗಳಕ್ಕೆ ಸೆರಗು ಕಟ್ಟಿಕೊಂಡೇ ಹೋಗಿದ್ದೆ. ಮನುಷ್ಯ ಹಾಗೆ ಒಪ್ಪಿಕೊಂಡ ಮೇಲೆ ಯಾರ ಹತ್ತಿರ ಜಗಳ ಮಾಡುವುದು?

ಅವರು ಗಾಜಿನ ಎರಡು ಕೊಳವೆ ತರಿಸಿ, ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು ತುಂಬಿಸಿ ನಮ್ಮೆದುರೇ ತೋರಿಸಿದರು. ಬಲಗೈಗೆ ಎರಡೂ ಒಂದೇ. ಹತ್ತಿಯಲ್ಲಿ ಸವರಿದರೆ ಗೊತ್ತಾಗುತ್ತದೆ, ಸೂಜಿಯಲ್ಲಿ ಚುಚ್ಚಿದರೆ "ಬೆರಳಲ್ಲಿ ಮುಟ್ಟಿದ್ರಿ" ಎನ್ನುತ್ತಾರೆ. ಎಡಗೈಗೆ ಬಿಸಿ ತಾಗಿಸಿದ ಕೂಡಲೇ "ಆ!" ಎಂದು ಕೈ ಎಳೆದುಕೊಂಡರು. ಮುಖದಲ್ಲಿ ಮಾತ್ರ ಎಲ್ಲ ತಿರುಗಾಮುರುಗ. ಬಲಗೆನ್ನೆಗೆ ಬಿಸಿ ಗೊತ್ತಾಗುತ್ತದೆ, ಎಡಗೆನ್ನೆಗೆ ಇಲ್ಲ.

"ಇದೆಂಥ ಕಾಯಿಲೆ ಡಾಕ್ಟ್ರೆ? ಅಲ್ಲಿಂದ ಚೂರು, ಇಲ್ಲಿಂದ ಚೂರು ಕದ್ದುಕೊಂಡು ಹೋದ ಹಾಗೆ?" ಎಂದು ಕೇಳಿದೆ.

"ಟೀಚರ್, ಮಾಣಿ ಪೇಟೆ ನೋಡಿದ್ದೀರಲ್ಲ? ಬೆಂಗಳೂರಿನ ರಸ್ತೆಯೂ ಮೈಸೂರಿನ ರಸ್ತೆಯೂ ಅಲ್ಲಿ ಸೇರುತ್ತವೆ. ಮಾಣಿಯಲ್ಲಿ ಒಂದು ಮರ ಬಿದ್ದರೆ ಪುತ್ತೂರಿನ ಬಸ್ಸೂ ಬರುವುದಿಲ್ಲ, ಉಪ್ಪಿನಂಗಡಿಯ ಬಸ್ಸೂ ಬರುವುದಿಲ್ಲ. ಎರಡೂ ಊರಲ್ಲಿ ಏನೂ ಆಗಿರುವುದಿಲ್ಲ" ಎಂದು ತನ್ನ ಕುತ್ತಿಗೆಯ ಹಿಂದೆ, ತಲೆಬುರುಡೆಯ ಬುಡ ಮುಟ್ಟಿ ತೋರಿಸಿದರು. "ಮಿದುಳು ಬೆನ್ನುಹುರಿಗೆ ಇಳಿಯುವ ಈ ಜಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಕಾಂಡ ಉಂಟು. ಎಲ್ಲ ದಾರಿಯೂ ಅದರೊಳಗೇ ಹೋಗಬೇಕು. ಇವರಿಗೆ ಅಲ್ಲಿ ಎಡಬದಿಗೆ ರಕ್ತ ಹೋಗುವ ನಾಳ ಕಟ್ಟಿಹೋಯಿತು. ಮುಖದ ಎಡಭಾಗದ ಬಿಸಿ, ನೋವಿನ ಸುದ್ದಿ ಅಲ್ಲಿ ಎಡಬದಿಯಲ್ಲೇ ಇಳಿಯುತ್ತದೆ. ಮೈಯ ಬಲಭಾಗದ್ದು ಕೆಳಗೇ ದಾಟಿ ಎಡಕ್ಕೆ ಬಂದು ಅದೇ ಜಾಗದಲ್ಲಿ ಮೇಲೆ ಹತ್ತುತ್ತದೆ. ಎರಡೂ ಅಲ್ಲಿಯೇ ನಿಂತುಹೋದವು. ಮುಟ್ಟಿದ್ದು ತಿಳಿಯುವ ದಾರಿ, ಕೈಗೆ ಶಕ್ತಿ ಕೊಡುವ ದಾರಿ ಬೇರೆ ಬೇರೆ, ಅವು ಉಳಿದವು."

"ಮತ್ತೆ ಎಡಗೈ ಲೋಟ ಬಿಟ್ಟು ಆಚೆಗೆ ಹೋಗುವುದು?"

"ಕೈಯ ಗುರಿ ನೋಡಿಕೊಳ್ಳುವುದು ಚಿಕ್ಕಮಿದುಳು. ಅದರ ಎಡಬದಿಯ ದಾರಿಯೂ ಅಲ್ಲೇ ಉಂಟು. ನುಂಗುವ ನರವೂ ಅಲ್ಲೇ ಹೊರಡುವುದು. ನುಂಗುವುದು ಬಂತಲ್ಲ? ಗುರಿಯೂ ಅಭ್ಯಾಸ ಮಾಡಿದರೆ ಬರುತ್ತದೆ. ಬಲಗೈಗೆ ಬಿಸಿ ಗೊತ್ತಾಗುವುದು ಮಾತ್ರ ಪೂರ್ತಿ ವಾಪಸು ಬಂದೀತು ಅಂತ ನಾನು ಹೇಳಲಾರೆ."

ಬಸ್ಸಿನಲ್ಲಿ ಶಿರ್ತಾಡಿ ಬರುವವರೆಗೂ ಅಮ್ಮಣ್ಣಿಯಕ್ಕ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕುಳಿತಿದ್ದರು.

ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ಕಾಂತಿಯ ಅತ್ತೆ ದೇಯಕ್ಕ ಬಂಟ್ವಾಳದಿಂದ ಬಂದಿಳಿದರು. ಕೆಟ್ಟವರಲ್ಲ, ಆದರೆ ಮಾತು ಕಡ್ಡಿ ಮುರಿದ ಹಾಗೆ. "ಅಕ್ಕಾ, ನೀವು ಬೇಜಾರು ಮಾಡ್ಕೊಳ್ಬೇಡಿ. ನಮ್ಮ ಕೂಸನ್ನು ನೀವು ಮೀಯಿಸುವುದು ಬೇಡ. ನಮ್ಮ ಕಡೆಯಿಂದ ಒಬ್ಬಳನ್ನು ಕಳಿಸ್ತೇನೆ. ಅದು ಆಗುದಿಲ್ಲ ಅಂತಾದ್ರೆ ಬಾಣಂತನ ನಮ್ಮಲ್ಲೇ ಆಗ್ಲಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಏನೆಂದು ಬಯ್ಯುವುದು? ಇಷ್ಟು ವರ್ಷ ಕಾದ ಕೂಸು. ಬೆಂದ ಕಾಲು ಎದುರಿಗೇ ಉಂಟು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ದೇಯಕ್ಕ ಹೋದ ಮೇಲೆ ಅಮ್ಮಣ್ಣಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ನನ್ನ ಮಗಳ ಕೂಸನ್ನು ಇನ್ನೊಬ್ಬಳು ಮೀಯಿಸುವಾಗ ನಾನು ಬಾಗಿಲಲ್ಲಿ ಕೂತು ನೋಡಬೇಕಾ ಟೀಚರ್? ಅದಕ್ಕಿಂತ ಆ ದಿನ ಎದ್ದೇಳದೆ ಇದ್ದಿದ್ರೆ ಒಳ್ಳೆದಿತ್ತು."

"ಎಡಗೈ ಉಂಟಲ್ಲ ಅಕ್ಕಾ? ಅದರಲ್ಲಿ ನೀರು ನೋಡಿ" ಎಂದೆ.

ಅತ್ತ ಕಣ್ಣಲ್ಲೇ ಕಿಡಿ ಹಾರಿತು. "ಎಡಗೈ ಅದ್ದಿದ ನೀರನ್ನು ಕೂಸಿನ ತಲೆಗೆ ಹೊಯ್ಯುವುದಾ? ಬಾಯಿ ತೊಳ್ಕೊಳ್ಳಿ ಹೋಗಿ! ಆ ಕೈಗೆ ಬೇರೆ ಕೆಲಸ ಉಂಟು."

"ಹಾಗಾದ್ರೆ ಬಾಗಿಲಲ್ಲೇ ಕೂತು ನೋಡಿ!" ಎಂದು ನಾನೂ ದಡದಡ ಎದ್ದು ಬಂದೆ. ಕೆಲವು ದಿನ ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋದದ್ದು ಮುಂಡಪ್ಪಣ್ಣ ಬಂದು, "ಟೀಚರ್, ಒಮ್ಮೆ ಬಂದು ನೋಡಿ, ಇವಳಿಗೆ ತಲೆಗೂ ಏರಿತೋ ಎಂತದೋ" ಎಂದಾಗ. ಬಚ್ಚಲಲ್ಲಿ ಇಣುಕಿದರೆ ಅಮ್ಮಣ್ಣಿಯಕ್ಕ ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಕಾಲ ಮೇಲೆ ಎಣ್ಣೆ ಹಚ್ಚಿದ ದೊಡ್ಡದೊಂದು ಮಂಗಳೂರು ಸೌತೆಕಾಯಿ. ಎಡಗೈಯನ್ನು ನೀರಿನ ಪಾತ್ರೆಗೆ ಗುರಿಯಿಟ್ಟರೆ ಕೈ ಮೊದಲು ಅಂಚಿಗೆ ಬಡಿದು, ಆಮೇಲೆ ನೀರಿಗೆ ಬೀಳುತ್ತದೆ. ಬಲಗೈ ಸೌತೆಕಾಯಿಯ ಕುತ್ತಿಗೆ ಎಂದು ಲೆಕ್ಕ ಹಾಕಿದ ಕಡೆ ಭದ್ರವಾಗಿ ಹಿಡಿದಿದೆ. ಕೈಗಳ ಕೆಲಸವನ್ನೇ ಅದಲು ಬದಲು ಮಾಡಿದ್ದರು. ನೋಡುವುದು ಎಡಗೈ, ಹಿಡಿಯುವುದು ಬಲಗೈ.

ನಾನು ನಗುತ್ತೇನೋ ಎಂದು ಮುಖ ಗಂಟು ಹಾಕಿಕೊಂಡೇ ಹೇಳಿದರು. "ಕಾಲು ಬೇಯುವಾಗ ತಣ್ಣಗುಂಟು ಅಂತ ಸುಳ್ಳು ಹೇಳಿದ್ದು ಈ ಬಲಗೈ. ಅಂಥಾ ಕೈಗೆ ಎಂಥಾ ಮರ್ಯಾದೆ ಟೀಚರ್? ನನಗೆ ಕೂಸು ಮುಖ್ಯ."

"ಅದೆಲ್ಲ ಸರಿ. ಜಾರಿ ಬಿದ್ದು ಒಡೆದದ್ದನ್ನೆಲ್ಲ ಸಾಂಬಾರು ಮಾಡ್ತಾಳೆ. ದಿನಾ ಸೌತೆಕಾಯಿ ತಿಂದು ತಿಂದು ನನಗೆ ನೆಗಡಿಯೇ ಬಿಡುದಿಲ್ಲ" ಎಂದು ಮುಂಡಪ್ಪಣ್ಣ ಹೊರಗಿನಿಂದ ಗೊಣಗಿದರು. ಮೂವರೂ ಬಿದ್ದು ಬಿದ್ದು ನಕ್ಕೆವು. ಕಾಯಿಲೆ ಬಿದ್ದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅಂದೇ ಮೊದಲು.

ದಿನಗಳು ಹೋದ ಹಾಗೆ ಸಾಂಬಾರು ಕಡಿಮೆಯಾಯಿತು. ಕೈ ಅಂಚಿಗೆ ಬಡಿಯುವುದು ನಿಂತಿತು, ನಡುಕ ಸ್ವಲ್ಪ ಉಳಿಯಿತು. ಗೋಡೆ ಹಿಡಿಯದೆ ನಡೆಯುವುದೂ ಬಂತು. ಕಾಂತಿಗೆ ಮೂಡಬಿದ್ರಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಕರೆತಂದ ದಿನವೇ ದೇಯಕ್ಕನೂ ಬಂದರು, ಕೈಯಲ್ಲಿ ಬಟ್ಟೆಯ ಗಂಟು. ನಾನು ಗೋಗರೆದದ್ದಕ್ಕೆ, "ಸರಿ, ಒಂದು ಸಲ ನನ್ನ ಕಣ್ಣೆದುರು ಮೀಯಿಸಲಿ. ಎಂತಾದ್ರೂ ಹೆಚ್ಚು ಕಡಿಮೆ ಕಂಡ್ರೆ ಮಧ್ಯಾಹ್ನದ ಬಸ್ಸಿಗೆ ಬಾಣಂತಿಯನ್ನೂ ಕೂಸನ್ನೂ ಕರ್ಕೊಂಡು ಹೋಗ್ತೇನೆ" ಎಂದರು.

ಮರುದಿನ ಬೆಳಿಗ್ಗೆ ನಾವೆಲ್ಲ ಬಚ್ಚಲಲ್ಲಿ ಸೇರಿದೆವು. ಅಮ್ಮಣ್ಣಿಯಕ್ಕ ಕಾಲು ಚಾಚಿ ಕುಳಿತು ಎಡಗೈ ಎತ್ತಿದರು.

"ಅಯ್ಯೋ, ಎಡಗೈಯಾ? ಮೊದಲ ಸಲ ಮೀಯಿಸುವಾಗ ಎಡಗೈಯಾ ಅಕ್ಕಾ!" ಎಂದು ದೇಯಕ್ಕ ಬೊಬ್ಬೆ ಹೊಡೆದರು. ಕೈ ನಡುಗಿತು, ನೀರು ಚಿಮ್ಮಿ ದೇಯಕ್ಕನ ಸೀರೆಗೆ ಬಿತ್ತು. ಬಾಗಿಲಲ್ಲಿ ನಿಂತ ಕಾಂತಿಯ ಮುಖ ಬಿಳಿಚಿಕೊಂಡಿತು. ಅಮ್ಮಣ್ಣಿಯಕ್ಕ ತಲೆ ಎತ್ತಲಿಲ್ಲ. ಕೈಯನ್ನು ನೀರಲ್ಲೇ ಇಟ್ಟುಕೊಂಡು, "ಟೀಚರ್, ಒಂದು ಚೆಂಬು ತಣ್ಣೀರು ಬಿಡಿ. ಇನ್ನರ್ಧ. ಸಾಕು" ಎಂದರು. ಆಮೇಲೆ, "ದೇಯಕ್ಕ, ನೀವು ಸಹಾ ಕೈ ಅದ್ದಿ ನೋಡಿ. ನೀವು ನೋಡದೆ ನಾನು ಹೊಯ್ಯುವುದಿಲ್ಲ" ಎಂದರು.

ದೇಯಕ್ಕ ಬಲಗೈ ಅದ್ದಿ ಸ್ವಲ್ಪ ಹೊತ್ತು ಇಟ್ಟುಕೊಂಡರು. "ಹದ ಉಂಟು" ಎಂದು ಸಣ್ಣ ಸ್ವರದಲ್ಲಿ ಹೇಳಿದರು. ಚೆಂಬನ್ನು ಅವರೇ ಎತ್ತಿಕೊಂಡರು. "ನೀವು ಹಿಡ್ಕೊಳ್ಳಿ, ನಾನು ಹೊಯ್ತೇನೆ."

ಮೊದಲ ನೀರಿಗೆ ಕೂಸು ಹಂಚು ಹಾರುವ ಹಾಗೆ ಕೂಗಿತು. ದೇಯಕ್ಕನ ಕೈ ನಿಂತುಹೋಯಿತು. ಅವರು ಪಾತ್ರೆಗೆ ಪುನಃ ಕೈ ಹಾಕಿ ನೋಡಿದರು, ಕೂಸಿನ ಹೊಟ್ಟೆ ಮುಟ್ಟಿ ನೋಡಿದರು. "ಎಂತದೂ ಇಲ್ಲ. ಇದರ ಅಪ್ಪನೂ ಹೀಗೇ ಕೂಗ್ತಿದ್ದ" ಎಂದು ಮತ್ತೆ ಹೊಯ್ದರು. ಅಮ್ಮಣ್ಣಿಯಕ್ಕನ ಬಲಗೈ ಹಿಡಿದದ್ದು ಚೂರೂ ಅಲುಗಲಿಲ್ಲ. ಕೂಗು ನಿಂತು, ಕಣ್ಣು ಅರೆ ಮುಚ್ಚಿ, ಕೂಸು ಅಜ್ಜಿಯ ಕಾಲ ಮೇಲೆ ಒಂದಷ್ಟು ಮೂತ್ರ ಹೊಯ್ದಿತು.

ಅಮ್ಮಣ್ಣಿಯಕ್ಕ ನಕ್ಕುಬಿಟ್ಟರು. "ನೋಡಿ, ಎರಡು ಕಾಲೂ ಒದ್ದೆಯಾದದ್ದು ಗೊತ್ತಾಯ್ತು. ಬಿಸಿ ಮಾತ್ರ ಎಡಗಾಲಿಗೇ ಗೊತ್ತಾದ್ದು. ನನಗೆ ಈ ಕೂಸು ಅರ್ಧ ಮಾತ್ರ ಬೆಚ್ಚಗೆ."

ದೇಯಕ್ಕ ನಗಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಒರೆಸತೊಡಗಿದರು. "ಹಾಗಾದ್ರೆ ಬಲಕ್ಕೆ ಎತ್ತಿಕೊಂಡ್ರೆ?" ಎಂದು ಕೇಳಿದರು.

"ಭಾರ ಗೊತ್ತಾಗ್ತದೆ. ಬೆಚ್ಚಗೆ ಗೊತ್ತಾಗುದಿಲ್ಲ."

ಅಮ್ಮಣ್ಣಿಯಕ್ಕ ಎದ್ದು ಒಣಸೀರೆ ಸುತ್ತಿಕೊಂಡು ಬಂದು ವಾಡಿಕೆಯಂತೆ ಬಲಗೈಯನ್ನೇ ಮುಂದೆ ಚಾಚಿದರು. ದೇಯಕ್ಕ ಕೊಡಲಿಲ್ಲ. ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಈ ಕಡೆ ಹಿಡೀರಿ ಮಾರಾಯ್ತಿ" ಎಂದು ಕೂಸನ್ನು ಅವರ ಎಡಗೈಯ ಮೇಲೆ ಮಲಗಿಸಿ, ಎಡ ಎದೆಗೆ ಒತ್ತಿ ಹಿಡಿಸಿದರು. ಅಮ್ಮಣ್ಣಿಯಕ್ಕ ತಲೆ ಬಗ್ಗಿಸಿ ಬಲಗೆನ್ನೆಯನ್ನು ಕೂಸಿನ ತಲೆಗೆ ತಾಗಿಸಿದರು, ಹಾಗೆಯೇ ಇದ್ದರು. "ಹೇಗುಂಟು?" ಎಂದು ದೇಯಕ್ಕ ಕೇಳಿದರೆ ಆ ಮುದುಕಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ದೇಯಕ್ಕ ಒಬ್ಬರೇ ಹೋದರು.